ಪಡುಗೋಡೆಯ ಬೂಷ್ಟು ಮತ್ತು ಮೂರು ದಾರಿಯ ನೀರು

2024ರ ಜುಲೈ ತಿಂಗಳಲ್ಲಿ, ಪುನರ್ವಸು ಮಳೆ ಕಳೆದು ಪುಷ್ಯ ಹಿಡಿದ ಎರಡನೆಯ ದಿನ, ಮಗಳ ಲೆಕ್ಕದ ಪುಸ್ತಕ ಕಾಣದಾದುದರಿಂದ ಅದನ್ನು ಹುಡುಕುತ್ತಾ ಹಿಂಬದಿ ಕೋಣೆಯ ಮರದ ಬೀರುವನ್ನು ಗೋಡೆಯಿಂದ ಈಚೆಗೆ ಎಳೆದೆ. ಪುಸ್ತಕ ಅಲ್ಲಿಯೇ ಬಿದ್ದಿತ್ತು. ಅದರ ರಟ್ಟು ಗೋಡೆಗೆ ಅಂಟಿಕೊಂಡಿದ್ದರಿಂದ ಕಿತ್ತಾಗ ಅರ್ಧ ಗೋಡೆಯಲ್ಲೇ ಉಳಿಯಿತು. ಬೀರು ನಿಂತಿದ್ದ ಜಾಗದಲ್ಲಿ ನೆಲದಿಂದ ನನ್ನ ಎದೆಮಟ್ಟದವರೆಗೆ ಗೋಡೆಯ ಬಣ್ಣವೇ ಕಾಣುತ್ತಿರಲಿಲ್ಲ. ಕೆಳಗಡೆ ಮಸಿಯಂತೆ ಕಪ್ಪು, ಅದರ ಮೇಲೆ ಬೂದಿ ಬೆರೆತಂಥ ಹಸಿರು, ಅಂಚಿನಲ್ಲಿ ಬಿಳಿಯ ಚುಕ್ಕೆಗಳು. ಟಾರ್ಚನ್ನು ಗೋಡೆಗೆ ಒರಗಿಸಿ ಅಡ್ಡ ಬೆಳಕಿನಲ್ಲಿ ನೋಡಿದಾಗ ಆ ಹಸಿರಿಗೆ ಮಖಮಲ್ಲಿನಂಥ ನವಿರು ಕೂದಲು ಕಂಡಿತು. ನನ್ನ ಉಸಿರು ತಾಗಿದ್ದಕ್ಕೇ ಅದರಿಂದ ಸಣ್ಣ ಧೂಳೆದ್ದು ಬೆಳಕಿನಲ್ಲಿ ತೇಲಿತು. ಆ ಗೋಡೆಯಿಂದ ಎರಡು ಅಡಿ ದೂರದ ಮಂಚದ ಮೇಲೆ ನನ್ನ ತಾಯಿ ಮತ್ತು ಎಂಟು ವರ್ಷದ ಮಗಳು ಮಲಗುತ್ತಿದ್ದರು.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿ. ಚಪ್ಪಲಿಗೆ, ಬೆಲ್ಟಿಗೆ, ಉಪ್ಪಿನಕಾಯಿ ಭರಣಿಯ ಬಾಯಿಗೆ, ದೇವರ ಪಟದ ಹಿಂಬದಿಗೆ ಮಳೆಗಾಲದಲ್ಲಿ ಬೂಷ್ಟು ಬರುವುದನ್ನು ನೋಡಿಕೊಂಡೇ ಬೆಳೆದವರು ನಾವು. ಹಾಗಾಗಿ ಗೋಡೆಗೆ ಬಂದುದನ್ನೂ ಅದೇ ಲೆಕ್ಕಕ್ಕೆ ಸೇರಿಸಿದ್ದೆವು. ಎರಡು ವರ್ಷಗಳ ಹಿಂದೆಯೇ ತಾಯಿ, "ಆ ಕೋಣೆಲಿ ಮಲಗಿದ್ರೆ ಎದೆ ಮೇಲೆ ಒದ್ದೆ ಕಂಬ್ಳಿ ಹೊದಿಸ್ದಂಗೆ ಆಗ್ತದೆ ಮಾರಾಯ" ಎಂದು ಹೇಳಿದ್ದರು. ವಯಸ್ಸಾದವರ ಮಾತೆಂದು ನಾನು ಅದಕ್ಕೆ ಕಿವಿಗೊಡಲಿಲ್ಲ. ಈಗಲೂ ನೆನೆದಾಗ ನೋವಾಗುವುದು ಆ ಮಾತಿಗೇ.

ಆ ವರ್ಷ ಮಳೆ ಹಿಡಿದಂದಿನಿಂದ ಮಗಳಿಗೆ ರಾತ್ರಿ ಕೆಮ್ಮು. ಹಗಲು ಶಾಲೆಯಲ್ಲಿ ಚೆನ್ನಾಗಿಯೇ ಓಡಾಡಿಕೊಂಡಿರುತ್ತಿದ್ದವಳು ಬೆಳಗಿನ ಜಾವ ಮೂರು ಗಂಟೆಯ ಹೊತ್ತಿಗೆ ಎದ್ದು ಕುಳಿತು ಕೆಮ್ಮುತ್ತಿದ್ದಳು. ಬೆನ್ನಿಗೆ ಕಿವಿಯಿಟ್ಟರೆ ಒಳಗೆ ಸಣ್ಣ ಸಿಳ್ಳಿನಂಥ ಸದ್ದು ಕೇಳುತ್ತಿತ್ತು. ಐಸ್‌ಕ್ರೀಂ ತಿಂದೆ, ತಲೆ ಸರಿಯಾಗಿ ಒರೆಸಿಕೊಳ್ಳಲಿಲ್ಲ ಎಂದು ನಾವು ಆ ಮಗುವನ್ನೇ ಗದರಿದೆವು. ತಾಯಿಗೆ ಉಬ್ಬಸ ಹಳೆಯದು. ಆದರೆ ದಿನಕ್ಕೊಮ್ಮೆ ಸಾಕಾಗುತ್ತಿದ್ದ ಇನ್‌ಹೇಲರನ್ನು ಅವರು ಮೂರು ನಾಲ್ಕು ಸಲ ಹಿಡಿಯತೊಡಗಿದ್ದರು. ಇಬ್ಬರನ್ನೂ ಕರೆದುಕೊಂಡು ಹೋದಾಗ ವೈದ್ಯರು ಔಷಧಿ ಬರೆಯುವ ಮೊದಲು ಕೇಳಿದ್ದು ಎರಡೇ ಪ್ರಶ್ನೆ: ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಾರೆಯೇ, ಬೇರೆ ಊರಿಗೆ ಹೋದಾಗ ಕಡಿಮೆಯಾಗುತ್ತದೆಯೇ. ಜೂನ್ ಕೊನೆಯಲ್ಲಿ ಅಜ್ಜಿ ಮೊಮ್ಮಗಳಿಬ್ಬರೂ ದಾವಣಗೆರೆಯಲ್ಲಿ ನನ್ನ ಅಕ್ಕನ ಮನೆಯಲ್ಲಿ ಹತ್ತು ದಿನ ಇದ್ದು ಬಂದಿದ್ದರು, ಆ ಹತ್ತು ರಾತ್ರಿಯೂ ಮಗು ಕೆಮ್ಮಿರಲಿಲ್ಲ. ಇದು ನಮಗೆ ಹೊಳೆದದ್ದು ಅವರು ಕೇಳಿದ ಮೇಲೆ.

ಬೂಷ್ಟು ಒಂದು ಶಿಲೀಂಧ್ರ. ಅದರ ಬೀಜಕಣಗಳು ಎಲ್ಲ ಗಾಳಿಯಲ್ಲೂ ಇರುತ್ತವೆ. ಒದ್ದೆಯೂ ತಿನ್ನಲು ಕಾಗದ, ಮರ, ಬಣ್ಣ, ಧೂಳಿನಂಥದ್ದೂ ಒಟ್ಟಿಗೆ ಸಿಕ್ಕಿದಲ್ಲಿ ಬೇರೂರುತ್ತವೆ. ಮನೆಯೊಳಗೆ ಸಾಮಾನ್ಯವಾಗಿ ಕಾಣಸಿಗುವ ಅಸ್ಪರ್ಜಿಲ್ಲಸ್, ಪೆನಿಸಿಲಿಯಂ, ಕ್ಲ್ಯಾಡೊಸ್ಪೋರಿಯಂಗಳಲ್ಲಿ ಯಾವುದು ಯಾವುದೆಂದು ಬಣ್ಣ ನೋಡಿ ಹೇಳಲಾಗುವುದಿಲ್ಲ, ಕಪ್ಪಗಿರುವುದೆಲ್ಲ ಹೆಚ್ಚು ಕೆಟ್ಟದ್ದೆಂಬುದೂ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಹೊರತಂದ ಮಾರ್ಗಸೂಚಿಯು ಮನೆಯ ತೇವ ಮತ್ತು ಬೂಷ್ಟಿಗೂ ಕೆಮ್ಮು, ಉಬ್ಬಸ, ಉಸಿರಾಟದ ಸೋಂಕುಗಳಿಗೂ ಇರುವ ನಂಟನ್ನು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಇಷ್ಟರವರೆಗೆ ಇದ್ದರೆ ಚಿಂತೆಯಿಲ್ಲ ಎಂಬ ಅಳತೆಯನ್ನು ಅದು ಕೊಟ್ಟಿಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರಿನಲ್ಲಿ ತೀರಿಕೊಂಡಾಗ, ಬಾಡಿಗೆಮನೆಯ ಬೂಷ್ಟನ್ನು ಬಹುಕಾಲ ಉಸಿರಾಡಿದ್ದೇ ಕಾರಣವೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಆ ಮಗುವಿನ ಹೆಸರಿನಲ್ಲೇ ಅಲ್ಲಿ ಕಾನೂನು ಬಂದಿದೆ. ಅದನ್ನು ಓದಿದ ರಾತ್ರಿಯೇ ತಾಯಿ ಮತ್ತು ಮಗಳ ಹಾಸಿಗೆಯನ್ನು ನಡುಮನೆಗೆ ಹಾಕಿದೆವು.

ಅದಕ್ಕೆ ಮೊದಲು ನಾನು ಮಾಡಿದ್ದ ತಪ್ಪುಗಳನ್ನು ಬರೆಯದಿದ್ದರೆ ಈ ದಾಖಲೆ ಅರ್ಧವಾಗುತ್ತದೆ. 2022ರಲ್ಲಿ ಕಲೆ ಕಂಡಾಗ ಉಜ್ಜಿ ಪ್ಲಾಸ್ಟಿಕ್ ಪೇಂಟ್ ಹೊಡೆಸಿದೆ. 2023ರಲ್ಲಿ ತೇವ ತಡೆಯುತ್ತದೆಂದು ಅಂಗಡಿಯಲ್ಲಿ ಹೇಳಿದ ಬಣ್ಣವನ್ನು ಒಳಗಡೆಯಿಂದಲೇ ಎರಡು ಕೋಟು ಬಳಿಸಿದೆ. ಆರು ತಿಂಗಳಲ್ಲಿ ಆ ಬಣ್ಣ ಹಪ್ಪಳದಂತೆ ಉಬ್ಬಿತು. ಸೂಜಿಯಲ್ಲಿ ಚುಚ್ಚಿದರೆ ನೀರು ಇಳಿಯುತ್ತಿತ್ತು. ಇವೆರಡಕ್ಕಿಂತ ಕೆಟ್ಟದ್ದು ಬೀರು ಎಳೆದ ದಿನವೇ ನಡೆಯಿತು. ಗಾಬರಿಯಲ್ಲಿ ಬ್ಲೀಚಿಂಗ್ ಪೌಡರನ್ನು ನೀರಿಗೆ ಕಲಸಿ, ಮಳೆಯ ಎರಚಲಿಗೆ ಕಿಟಕಿ ಮುಚ್ಚಿಕೊಂಡೇ ಒಣ ಬ್ರಷ್‌ನಲ್ಲಿ ಕೆರೆದು ಬಳಿದೆ. ಹತ್ತು ನಿಮಿಷದೊಳಗೆ ಪಕ್ಕದ ಕೋಣೆಯಲ್ಲಿದ್ದ ತಾಯಿಗೆ ದಮ್ಮು ಕಟ್ಟಿತು. ಒಣಗಿದ ಬೂಷ್ಟನ್ನು ಕೆರೆದರೆ ಕೋಟಿಗಟ್ಟಲೆ ಕಣಗಳು ಮನೆತುಂಬ ಹರಡುತ್ತವೆ. ಸತ್ತ ಕಣವೂ ಅಲರ್ಜಿ ತರುವುದರಿಂದ ಕೊಲ್ಲುವುದರಿಂದ ಏನೂ ಮುಗಿಯುವುದಿಲ್ಲ, ಒರೆಸಿ ತೆಗೆದು ಹೊರಹಾಕಬೇಕು. ಗಾರೆಯಂಥ ರಂಧ್ರವಿರುವ ಮೈಗೆ ಬ್ಲೀಚ್ ಹಚ್ಚಿದರೆ ಅದರ ಶಕ್ತಿ ಮೇಲ್ಪದರದಲ್ಲೇ ಮುಗಿಯುತ್ತದೆ, ನೀರು ಮಾತ್ರ ಒಳಗೆ ಇಳಿಯುತ್ತದೆ. ಪಾಯಿಖಾನೆ ತೊಳೆಯುವ ಆಸಿಡ್ಡಿನೊಂದಿಗೆ ಬ್ಲೀಚ್ ಬೆರೆತರೆ ಕ್ಲೋರಿನ್ ಅನಿಲವೇ ಏಳುವುದರಿಂದ ಆ ಎರಡು ಡಬ್ಬಿಗಳನ್ನು ಒಂದೇ ಕಪಾಟಿನಲ್ಲಿ ಇಡುವುದನ್ನೂ ನಾನು ಅಂದಿನಿಂದ ಬಿಟ್ಟಿದ್ದೇನೆ.

ಎರಡನೆಯ ಸಲ ಸರಿಯಾಗಿ ಮಾಡಿದೆ. ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಫ್ಯಾನು ನಿಲ್ಲಿಸಿ, ಹೊರಗಡೆಯ ಕಿಟಕಿಯೊಂದನ್ನು ತೆರೆದು, ಎನ್-95 ಮುಖಗವಸು, ರಬ್ಬರ್ ಕೈಗವಸು, ಕನ್ನಡಕ ಹಾಕಿಕೊಂಡು, ಗೋಡೆಗೆ ಮೊದಲು ಸೋಪಿನ ನೀರನ್ನು ಸಿಂಪಡಿಸಿ ನೆನೆಸಿ, ಹಳೆಯ ಪಂಚೆಯ ತುಂಡುಗಳಿಂದ ಮೇಲಿನಿಂದ ಕೆಳಕ್ಕೆ ಒರೆಸಿ, ಒಂದೊಂದು ತುಂಡನ್ನೂ ಒಮ್ಮೆ ಬಳಸಿ ಚೀಲಕ್ಕೆ ಹಾಕಿದೆ. ಸಾಮಾನ್ಯವಾಗಿ ಮನೆಯವರೇ ತೆಗೆಯಬಹುದಾದದ್ದು ಮೂರು ಅಡಿಗೆ ಮೂರು ಅಡಿಗಿಂತ ಚಿಕ್ಕದಾದ ಬೂಷ್ಟನ್ನು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ ಇದೆ. ನಮ್ಮಲ್ಲಿ ಅದಕ್ಕಾಗಿಯೇ ಬರುವ ಕೆಲಸಗಾರರು ಸಿಗದ ಕಾರಣ ನಾನೇ ಮಾಡಿದೆ. ಆದರೆ ಉಬ್ಬಸವಿರುವವರು ಮನೆಯಲ್ಲಿಲ್ಲದ ದಿನ ನೋಡಿ ಮಾಡಿದೆ. ಬೂರುಗದ ಹತ್ತಿಯ ಎರಡು ದಿಂಬು, ಹಾಸಿಗೆ, ಬೀರುವಿನ ಉಬ್ಬಿದ ಪ್ಲೈವುಡ್ ಬೆನ್ನು ಇವುಗಳನ್ನು ಉಳಿಸಿಕೊಳ್ಳುವ ಆಸೆ ಬಿಟ್ಟು ಎಸೆದೆವು. ಆ ಹಾಸಿಗೆ ತಾಯಿಯ ತವರಿನಿಂದ ಬಂದದ್ದು. ಅವರು ಏನೂ ಹೇಳಲಿಲ್ಲ, ಹೊದಿಕೆಯ ಬಟ್ಟೆಯನ್ನು ಮಾತ್ರ ಬಿಚ್ಚಿ ಕುದಿಯುವ ನೀರಿನಲ್ಲಿ ಹಾಕಿಸಿ ಎತ್ತಿಟ್ಟುಕೊಂಡರು.

ಇನ್ನು ನೀರು ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಒಂದಡಿ ಚೌಕಕ್ಕೆ ಕತ್ತರಿಸಿ, ಪಡುಗೋಡೆಯ ಎರಡು ಕಡೆ, ಬಡಗಣ ಗೋಡೆಯಲ್ಲಿ ಒಂದು, ಸ್ನಾನದ ಕೋಣೆಗೆ ಹೊಂದಿಕೊಂಡ ತೆಂಕಣ ಗೋಡೆಯಲ್ಲಿ ಒಂದು ಎಂದು ನಾಲ್ಕೂ ಅಂಚು ಬಿಗಿಯಾಗಿ ಟೇಪು ಹಚ್ಚಿ ಎರಡು ದಿನ ಬಿಟ್ಟೆ. ಹಾಳೆಯ ಹಿಂಬದಿ ಒದ್ದೆಯಾದರೆ ನೀರು ಗೋಡೆಯೊಳಗಿನದು, ಮುಂಬದಿಯಲ್ಲಿ ಬೆವರಿದರೆ ಕೋಣೆಯ ಗಾಳಿಯದು. ಪಡುವಣ ಮತ್ತು ತೆಂಕಣದ ಹಾಳೆಗಳು ಹಿಂಬದಿಯಲ್ಲಿ ಒದ್ದೆಯಾಗಿದ್ದವು, ಬಡಗಣದ್ದು ಮುಂಬದಿಯಲ್ಲಿ ಬೆವರಿತ್ತು. ಬಿಳಿಯ ಚುಕ್ಕೆಗಳ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿದಾಗ ಕೆಲವು ಕರಗಿದವು, ಅವು ಗೋಡೆಯೊಳಗಿನ ಉಪ್ಪು; ಉಳಿದವು ಕರಗಲಿಲ್ಲ, ಅವು ಬೂಷ್ಟು.

ಪಡುವಣದ ನೀರಿನ ಕಥೆ ಗೊತ್ತಾದದ್ದು ನಮ್ಮೂರಿನ ಹಳೆಯ ಮೇಸ್ತ್ರಿಯವರಿಂದ. ಗೋಡೆ ಜಂಬಿಟ್ಟಿಗೆಯದು, ಅಂದರೆ ಕೆಂಪು ಮುರಕಲ್ಲಿನದು, ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. 2011ರಲ್ಲಿ ಹಿಂಬದಿಯ ಹೆಂಚಿನ ಮಾಡನ್ನು ಇಳಿಸಿ ತಾರಸಿ ಹಾಕಿಸಿದಾಗ ಮೂರಡಿ ಚಾಚಿದ್ದ ಸೂರು ಹೋಯಿತು, ಸುಣ್ಣದ ಗಾರೆಯ ಮೇಲೆ ಸಿಮೆಂಟು ಬಂತು. ಮೊದಲೆಲ್ಲ ಮಳೆಗಾಲ ಹಿಡಿಯುವ ಮುನ್ನ ಪಡುಗಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದೆವು, ಸಿಮೆಂಟಿನ ಗೋಡೆಗೆ ಅದೇಕೆಂದು ಅದನ್ನೂ ನಿಲ್ಲಿಸಿದೆವು. ಸಿಮೆಂಟಿನಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಪಡುವಣ ಗಾಳಿಗೆ ಬಡಿಯುವ ಮಳೆ ಅಲ್ಲಿ ಒಳಹೊಕ್ಕರೆ ಹೊರಬರಲು ಎರಡೂ ಕಡೆ ದಾರಿಯಿಲ್ಲ. ಸಾಲದ್ದಕ್ಕೆ ಗೋಡೆಗೆ ಒತ್ತಿಕೊಂಡು ನಾವೇ ಎತ್ತರಿಸಿದ್ದ ಡೇರೆ ಹೂವಿನ ಮಡಿಯ ಮಣ್ಣು ಮನೆಯ ಪಂಚಾಂಗವನ್ನೂ (ಗೋಡೆಯಡಿಯ ಅಡಿಪಾಯದ ಕಟ್ಟೆ) ಮೀರಿ ಗೋಡೆಗೆ ತಾಗಿತ್ತು. ಮೇಸ್ತ್ರಿ ಹೊರಗೊಮ್ಮೆ ಒಳಗೊಮ್ಮೆ ನೋಡಿ, "ಮೇಷ್ಟ್ರೇ, ನೀರು ಬರೋದು ಹೊರಗಿಂದ, ನೀವು ಬಾಗ್ಲು ಹಾಕಿರೋದು ಒಳಗಡೆ" ಎಂದರು. ಬಣ್ಣದ ಮೇಲೆ ಬಣ್ಣ ಬಳಿದ ಎರಡು ವರ್ಷದ ನನ್ನ ಕೆಲಸಕ್ಕೆ ಅಷ್ಟೇ ಮಾತು ಸಾಕಾಯಿತು.

ತೆಂಕಣ ಗೋಡೆ ಮಾತ್ರ ಡಿಸೆಂಬರ್ ಬಂದರೂ ಒಣಗಲಿಲ್ಲ. ಮಳೆಯ ನೀರಾಗಿದ್ದರೆ ಅಷ್ಟರಲ್ಲಿ ಕಡಿಮೆಯಾಗಬೇಕಿತ್ತು. ಗೋಡೆಯಾಚೆ, ರಾತ್ರಿ ತಾಯಿ ಹೊರಗಿನ ಬಚ್ಚಲಿಗೆ ಹೋಗುವುದು ಬೇಡವೆಂದು ಕಟ್ಟಿಸಿದ್ದ ಸ್ನಾನದ ಕೋಣೆಯಿದೆ. ಅದರ ನೀರು ಹೋಗುವ ಕಂಡಿಗೆ ಬಟ್ಟೆ ತುರುಕಿ, ನೆಲದ ಮೇಲೆ ಎರಡು ಅಂಗುಲ ನೀರು ನಿಲ್ಲಿಸಿ, ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಅದಕ್ಕೆ ಗಾಢವಾಗಿ ಕದಡಿದೆ. ಕೋಣೆಯ ಕಡೆಯಿಂದ ಗೋಡೆಯ ಬುಡದಲ್ಲಿ ಉಳಿಯಿಂದ ಒಂದು ಗುಳಿ ತೋಡಿ ಅದಕ್ಕೆ ಬಿಳಿ ಹತ್ತಿ ಇಟ್ಟೆ. ಮರುದಿನ ಬೆಳಿಗ್ಗೆ ಹತ್ತಿಯ ಒಂದು ಮೂಲೆ ತಿಳಿನೀಲಿಯಾಗಿತ್ತು. ಟೈಲ್ಸ್ ಸಂದಿಯ ಸಿಮೆಂಟು ಸವೆದು, ನೆಲ ಮತ್ತು ಗೋಡೆ ಕೂಡುವ ಮೂಲೆಯಲ್ಲಿ ನೀರು ದಿನವೂ ಇಳಿಯುತ್ತಿದ್ದಿತು. ಈ ಸೋರಿಕೆ ನನಗೆ ಅನುಮಾನವೇ ಇರದಿದ್ದದ್ದು.

ಮೂರನೆಯದು ಬಡಗಣ ಗೋಡೆಯ ಬೆವರು. ಮಳೆಗಾಲದಲ್ಲಿ ಒಗೆದ ಬಟ್ಟೆಯನ್ನೆಲ್ಲ ಇದೇ ಕೋಣೆಯಲ್ಲಿ ಹಗ್ಗ ಕಟ್ಟಿ ಫ್ಯಾನಿನಡಿ ಒಣಗಿಸುತ್ತಿದ್ದೆವು. ಅಡಿಕೆ ತೂಗುವ ತಕ್ಕಡಿಯಲ್ಲಿ ಒಂದು ದಿನದ ಹಿಂಡಿದ ಬಟ್ಟೆಯನ್ನು ತೂಗಿದಾಗ 6.8 ಕೆ.ಜಿ. ಇತ್ತು, ಎರಡು ದಿನದ ಮೇಲೆ ಅದೇ ಬಟ್ಟೆ 4.9 ಕೆ.ಜಿ. ಆಗಿತ್ತು. ಹತ್ತಿರ ಹತ್ತಿರ ಎರಡು ಲೀಟರ್ ನೀರನ್ನು ಮುಚ್ಚಿದ ಕೋಣೆಯ ಗಾಳಿಗೆ ನಾವೇ ಬಿಟ್ಟಂತಾಯಿತು. ಗಾಳಿ 25 ಡಿಗ್ರಿಯಿದ್ದು ತೇವಾಂಶ ಶೇ. 80 ಇದ್ದರೆ, 21 ಡಿಗ್ರಿಗೆ ಇಳಿದ ಯಾವುದೇ ಮೈಯ ಮೇಲೆ ಅದು ನೀರಾಗಿ ಕೂರುತ್ತದೆ. ಬಿಸಿಲು ಕಾಣದ ಬಡಗಣ ಗೋಡೆ ಅಷ್ಟು ತಣ್ಣಗಿರುವುದು ಕಷ್ಟವೇನಲ್ಲ. ತೇವಾಂಶ ನೋಡಲು ಕೊಂಡ ಚಿಕ್ಕ ಡಿಜಿಟಲ್ ಮಾಪಕವನ್ನು ಮೊದಲು ಪರೀಕ್ಷಿಸಿದೆ: ಮುಚ್ಚಳದಲ್ಲಿ ಒದ್ದೆ ಉಪ್ಪನ್ನಿಟ್ಟು ಅದರೊಂದಿಗೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಂದು ರಾತ್ರಿಯಲ್ಲಿ ಶೇ. 75 ತೋರಿಸಬೇಕು. ನನ್ನದು 79 ತೋರಿಸಿತು, ಆದುದರಿಂದ ಮುಂದಿನ ಎಲ್ಲ ಅಳತೆಯಲ್ಲೂ ನಾಲ್ಕು ಕಳೆದಿದ್ದೇನೆ.

2025ರ ಸಂಕ್ರಾಂತಿ ಕಳೆದು ಅಡಿಕೆ ಕೊಯ್ಲಿನ ಗಡಿಬಿಡಿ ತಗ್ಗಿದ ಮೇಲೆ ಕೆಲಸ ಹಿಡಿದೆವು. ಮೊದಲು ಹೊರಗಿನದು. ಹೂವಿನ ಮಡಿ ತೆಗೆದು, ಗೋಡೆಯುದ್ದಕ್ಕೂ ಒಂದಡಿ ಅಗಲ ಒಂದೂವರೆ ಅಡಿ ಆಳದ ಕಾಲುವೆ ತೋಡಿ, ಚರಂಡಿಯ ಕಡೆಗೆ ಇಳಿಜಾರು ಕೊಟ್ಟು ಜಲ್ಲಿ ತುಂಬಿಸಿದೆವು. ದನದ ಕೊಟ್ಟಿಗೆಯ ಹಿಂದೆ 2011ರಿಂದ ಪೇರಿಸಿಟ್ಟಿದ್ದ ಹಳೆಯ ಮಂಗಳೂರು ಹೆಂಚನ್ನೇ ತೊಳೆದು, ಕಬ್ಬಿಣದ ಚೌಕಟ್ಟಿನ ಮೇಲೆ ಮೂರೂವರೆ ಅಡಿಯ ಇಳಿಮಾಡು ಕಟ್ಟಿಸಿದೆವು. ಹೊರಗಿನ ಸಿಮೆಂಟನ್ನೆಲ್ಲ ತೆಗೆಯಬೇಕೆಂದು ಮೇಸ್ತ್ರಿ ಹೇಳಿದರೂ ಹಣ ಸಾಲದೆ ಕೆಳಗಿನ ನಾಲ್ಕಡಿಯನ್ನು ಮಾತ್ರ ತೆಗೆಸಿ, ಮೇಲಿನ ಬಿರುಕುಗಳನ್ನು ಅಗಲಿಸಿ ತುಂಬಿಸಿದೆ. ಸ್ನಾನದ ಕೋಣೆಯ ನೆಲದ ಟೈಲ್ಸ್ ಕಿತ್ತು, ಮೂಲೆಗಳನ್ನು ಗುಂಡಗೆ ಮೆತ್ತಿ, ನೀರು ತಡೆಯುವ ದ್ರಾವಣ ಬೆರೆಸಿದ ಸಿಮೆಂಟನ್ನು ಎರಡು ಸಲ ಬಳಿದು, ಎರಡು ದಿನ ನೀಲಿ ನೀರು ನಿಲ್ಲಿಸಿ ನೋಡಿದೆವು. ಈ ಸಲ ಹತ್ತಿ ಬೆಳ್ಳಗೇ ಉಳಿಯಿತು.

ಒಳಗಡೆ ನೆಲದಿಂದ ಐದಡಿ ಎತ್ತರದವರೆಗೆ ಬಣ್ಣ, ಸಿಮೆಂಟು, ಅದರಡಿಯ ಸತ್ವಹೋದ ಹಳೆಯ ಗಾರೆ ಎಲ್ಲವನ್ನೂ ಉಳಿ ಸುತ್ತಿಗೆಯಿಂದ ಇಳಿಸಿದೆವು. ಆಗ ಕಂಡ ಜಂಬಿಟ್ಟಿಗೆ ಕಲ್ಲು ಮಳೆ ನಿಂತು ಮೂರು ತಿಂಗಳಾಗಿದ್ದರೂ ಕೊಯ್ದ ಬೀಟ್‌ರೂಟಿನ ಬಣ್ಣದಲ್ಲಿತ್ತು, ಅಂಗೈ ಒತ್ತಿದರೆ ತಣ್ಣಗೆ ಅಂಟುತ್ತಿತ್ತು. ಇಲ್ಲಿ ಆತುರಪಡಲಿಲ್ಲ. ದಪ್ಪ ಗೋಡೆ ಒಣಗುವುದು ತಿಂಗಳಿಗೆ ಒಂದು ಅಂಗುಲ ಎಂಬ ಅಂದಾಜಿದೆ. ನಮ್ಮದು ಎರಡೂ ಬದಿಯಿಂದ ಒಣಗಲೆಂದು ಕಿಟಕಿ ತೆರೆದು, ಹಗಲೆಲ್ಲ ಫ್ಯಾನು ಹಚ್ಚಿ ಆರು ವಾರ ಬರಿಗಲ್ಲನ್ನೇ ಬಿಟ್ಟೆವು. ದಿನ ಕಳೆದಂತೆ ಕಲ್ಲು ಮೇಲಿನಿಂದ ಕೆಳಕ್ಕೆ ತಿಳಿಯಾಗುತ್ತ ಬಂತು. ಮಗಳು ಪ್ರತಿ ಭಾನುವಾರ ಸೀಮೆಸುಣ್ಣದಲ್ಲಿ ಆ ಗಡಿಗೆ ಗೆರೆ ಎಳೆದು ತಾರೀಕು ಬರೆಯುತ್ತಿದ್ದಳು. ಮಾರ್ಚ್ ಮೊದಲ ವಾರ ಹಾಳೆ ಅಂಟಿಸಿ ನೋಡಿದಾಗ ಹಿಂಬದಿ ಒಣಗಿತ್ತು.

ಗಾರೆಗೆ ಘಟ್ಟದ ಕೆಳಗಿನಿಂದ ಚಿಪ್ಪಿನ ಸುಣ್ಣ ತರಿಸಿ, ಜನವರಿಯಲ್ಲೇ ಗುಂಡಿಯಲ್ಲಿ ನೀರಿನಡಿ ಅರಳಲು ಹಾಕಿದ್ದೆವು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಹೊಳೆಮರಳು, ಮೊದಲ ಪದರ ಬೆರಳಿನ ದಪ್ಪ, ವಾರ ಬಿಟ್ಟು ಎರಡನೆಯ ತೆಳುಪದರ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು. ಬೇಗ ಒಣಗಿದರೆ ಬಿರಿಯುತ್ತದೆಂದು ಒದ್ದೆ ಗೋಣಿ ಇಳಿಬಿಟ್ಟು ಹತ್ತು ದಿನ ಕಾದೆವು. ಕೊನೆಗೆ ಮೂರು ಸಲ ತೆಳ್ಳಗಿನ ಸುಣ್ಣ ಬಳಿದೆವು. ಹೊಸ ಸುಣ್ಣದ ಕ್ಷಾರಗುಣವೇ ಬೂಷ್ಟನ್ನು ಕೆಲಕಾಲ ತಡೆಯುತ್ತದೆ, ಅದಕ್ಕಿಂತ ಮುಖ್ಯವಾಗಿ ಗೋಡೆಯೊಳಗಿನ ತೇವಕ್ಕೆ ಹೊರಬರಲು ಅದು ದಾರಿ ಬಿಡುತ್ತದೆ. ಸ್ನಾನದ ಕೋಣೆಗೆ ಆರು ಅಂಗುಲದ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು. ಬಟ್ಟೆಯ ಹಗ್ಗ ಕೋಣೆಯಿಂದ ಹೋಯಿತು. ಹೊರಗಿನ ಬಚ್ಚಲಲ್ಲಿ ಹಂಡೆಯ ಒಲೆ ಈಗಲೂ ಉರಿಯುವುದರಿಂದ ಅದರ ಮೇಲಿನ ಗಳಕ್ಕೆ ಬಟ್ಟೆ ಏರಿತು. ಹೊಗೆಯ ವಾಸನೆ ಬರುತ್ತದೆಂದು ಹೆಂಡತಿ ಶಾಲೆಯ ಸಮವಸ್ತ್ರಕ್ಕೆ ಮಾತ್ರ ಒಪ್ಪಲಿಲ್ಲ, ಅದು ನ್ಯಾಯವೇ ಆದುದರಿಂದ ಅವನ್ನು ಇಸ್ತ್ರಿ ಹಾಕಿ ಒಣಗಿಸುತ್ತೇವೆ. ಒಟ್ಟು ಖರ್ಚು 78,000 ರೂಪಾಯಿ; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಮಾಡಿಗೇ ಹೋಯಿತು.

2025ರಲ್ಲಿ ಮುಂಗಾರು ಮೇ ಕೊನೆಯಲ್ಲೇ ಬಂದುಬಿಟ್ಟಿತು. ಇಳಿಮಾಡಿನ ಅಂಚಿಗೆ ಸೋಗೆ ತಟ್ಟಿಯನ್ನೂ ಕಟ್ಟಿದೆವು, ಹದಿನಾಲ್ಕು ವರ್ಷಗಳ ನಂತರ ಮೊದಲ ಬಾರಿಗೆ. ಪಡುಗೋಡೆ ಆರಿದ್ರಾ ಮಳೆಗೂ ಪುಷ್ಯ ಮಳೆಗೂ ಒದ್ದೆಯಾಗಲಿಲ್ಲ. ಆದರೆ ಗಾಳಿಯ ತೇವವನ್ನು ಇಳಿಸುವುದು ಬೇರೆಯೇ ಕೆಲಸವಾಯಿತು. ಒಳಗಿನ ತೇವಾಂಶ ಶೇ. 60ರೊಳಗಿದ್ದರೆ ಬೂಷ್ಟು ಬೆಳೆಯದು ಎನ್ನುತ್ತಾರೆ, ನಮ್ಮಲ್ಲಿ ಆಷಾಢದಲ್ಲಿ ಕಿಟಕಿ ತೆರೆದರೆ ಒಳಬರುವ ಗಾಳಿಯೇ ಶೇ. 90 ದಾಟಿರುತ್ತದೆ. ಜೂನ್ ಪೂರ್ತಿ ಕೋಣೆಯಲ್ಲಿ 80ರ ಆಸುಪಾಸು ಇತ್ತು. ಕೊನೆಗೆ ಗಾಳಿಯಿಂದ ನೀರು ಹಿಂಡುವ ಡಿಹ್ಯೂಮಿಡಿಫೈಯರ್ ಒಂದನ್ನು, ಮೇಲಿನ ಖರ್ಚಿಗೆ ಸೇರದಂತೆ, ಅಕ್ಕನ ಸಹಾಯದಿಂದ ಕೊಂಡೆವು. ಬಾಗಿಲು ಮುಚ್ಚಿ ಸಂಜೆಯಿಂದ ಆರು ತಾಸು ನಡೆಸಿದರೆ ಅದರ ತೊಟ್ಟಿಯಲ್ಲಿ ಮೂರು ಲೀಟರಿನಷ್ಟು ನೀರು ಸೇರುತ್ತದೆ, ತೇವಾಂಶ 65ಕ್ಕೆ ಇಳಿಯುತ್ತದೆ. ಕರೆಂಟು ಹೋದ ದಿನಗಳಲ್ಲಿ ಏನೂ ಮಾಡಲಾಗುವುದಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೂ ತೇವಾಂಶ ಹತ್ತಿರ ಹತ್ತಿರ ಐದು ಅಂಕ ಇಳಿಯುವುದರಿಂದ, ಬೀರುವಿನೊಳಗೆ ಬಟ್ಟೆಗೆ ತಾಗದಂತೆ ಜಾಲರಿಯೊಳಗೆ ಒಂದು ಹಳೆಯ ಬಲ್ಬು ಉರಿಸಿಡುತ್ತೇವೆ.

ಮಗಳೂ ಅಜ್ಜಿಯೂ ಜುಲೈ ಕೊನೆಯಲ್ಲಿ ಆ ಕೋಣೆಗೆ ಮರಳಿದರು. ಸೆಪ್ಟೆಂಬರ್ ಮುಗಿಯುವವರೆಗೆ ಮಗಳು ರಾತ್ರಿ ಎದ್ದು ಕೆಮ್ಮಿದ್ದು ಎರಡು ಸಲ, ತಾಯಿಯ ಇನ್‌ಹೇಲರ್ ಮತ್ತೆ ದಿನಕ್ಕೊಮ್ಮೆಗೆ ಬಂದಿದೆ. ಹಿಂದಿನ ವರ್ಷದ ಆಗಸ್ಟಿನಿಂದ ವೈದ್ಯರು ಮಗಳಿಗೂ ದಿನವೂ ತೆಗೆದುಕೊಳ್ಳುವ ಇನ್‌ಹೇಲರ್ ಕೊಟ್ಟಿರುವುದರಿಂದ ಇದೆಲ್ಲ ಗೋಡೆಯ ಕೆಲಸದಿಂದಲೇ ಆಯಿತೆಂದು ನಾನು ಬರೆಯಲಾರೆ, ಅದನ್ನು ನಿಲ್ಲಿಸುವ ಯೋಚನೆಯನ್ನೂ ಅವರನ್ನು ಕೇಳದೆ ಮಾಡಲಾರೆ. ತಾಯಿ ಮಾತ್ರ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಆ ಕಂಬ್ಳಿ ಈಗ ಇಲ್ಲ ನೋಡು" ಎಂದರು.

ಬಡಗಣ ಮತ್ತು ಪಡುವಣ ಗೋಡೆ ಕೂಡುವ ಮೂಲೆಯಲ್ಲಿ, ತಾರಸಿಯ ಕೆಳಗೆ, ಆಗಸ್ಟ್ 17ರಂದು ಅಂಗೈಯಗಲದ ಬೂದು ಕಲೆ ಮತ್ತೆ ಕಾಣಿಸಿತು. ಕಿಟಕಿಯ ಸಜ್ಜಾದ ಕಾಂಕ್ರೀಟು ಅಲ್ಲಿ ಹೊರಗಿನಿಂದ ಒಳಕ್ಕೆ ಒಂದೇ ತುಂಡಾಗಿ ಬಂದಿರುವುದರಿಂದ ಆ ಮೂಲೆ ಉಳಿದ ಗೋಡೆಗಿಂತ ತಣ್ಣಗಿರುತ್ತದೆ, ಅಟ್ಟದ ಹಲಗೆ ಅಡ್ಡವಿದ್ದು ಗಾಳಿಯೂ ಆಡುವುದಿಲ್ಲ. ಸೋಪಿನ ನೀರಿನಲ್ಲಿ ಒರೆಸಿ, ಹಲಗೆಯನ್ನು ಗೋಡೆಯಿಂದ ನಾಲ್ಕು ಅಂಗುಲ ಈಚೆಗೆ ಸರಿಸಿದ್ದೇನೆ. ಸಜ್ಜಾದ ಮೇಲ್ಭಾಗಕ್ಕೆ ಏನು ಮಾಡಬೇಕೆಂದು ಬರುವ ಬೇಸಿಗೆಯಲ್ಲಿ ಮೇಸ್ತ್ರಿಯವರ ಜೊತೆ ಕೂತು ನೋಡಬೇಕು. ಒರೆಸಿದ ಮೇಲೂ ಉಳಿದ ಕಲೆಯ ಸುತ್ತ ಮಗಳು ಸ್ಟೂಲ್ ಹತ್ತಿ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಹಾಕಿದ್ದಾಳೆ. ಅಕ್ಟೋಬರ್ 12ರ ಭಾನುವಾರ ನೋಡಿದಾಗ ಕಲೆ ಆ ಗೆರೆಯ ಒಳಗೇ ಇತ್ತು.